ಆಟೊಮ್ಯಾಟಿಕ್ ಗೇರ್‌ನ ‘ಲಾಕಪ್’: ಬಯಲಿನಲ್ಲಿ ಬೆಸುಗೆ, ಏರಿನಲ್ಲಿ ಬಿಡುಗಡೆ

ಕಡೂರು, ಅಜ್ಜಂಪುರದ ಬಯಲು ರಸ್ತೆಗಳಲ್ಲಿ ಸರಾಗವಾಗಿ ಓಡುವ ಆಟೊಮ್ಯಾಟಿಕ್ ಕಾರು, ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಯ ಏರು ಹಿಡಿದೊಡನೆ ಅಬ್ಬರಿಸತೊಡಗುತ್ತದೆ. ಎಂಜಿನ್ನಿನ ಸದ್ದು ಏರಿದಷ್ಟು ವೇಗ ಏರುವುದಿಲ್ಲ. ಇದಕ್ಕೆ ಟಾರ್ಕ್ ಕನ್ವರ್ಟರ್‌ನ ‘ಲಾಕಪ್’ ಬಿಡುವುದೂ ಒಂದು ಕಾರಣ.

ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿನ ಬಲವನ್ನು ಸಾಗಿಸುವುದು ಎಣ್ಣೆ. ಎಂಜಿನ್ನಿಗೆ ಸೇರಿದ ಪಂಪ್ ಎಣ್ಣೆಯನ್ನು ರಭಸದಿಂದ ಎರಚುತ್ತದೆ. ಆ ರಭಸಕ್ಕೆ ಎದುರಿನ ಟರ್ಬೈನ್ ತಿರುಗಿ ಗೇರ್‌ಬಾಕ್ಸನ್ನು ಚಲಿಸುತ್ತದೆ. ನಡುವಿನ ಸ್ಟೇಟರ್ ಮರಳುವ ಎಣ್ಣೆಯ ದಿಕ್ಕನ್ನು ತಿದ್ದುವುದರಿಂದ ಹೊರಡುವಾಗ ತಿರುಗುಬಲ ಸುಮಾರು ಇಮ್ಮಡಿಯಾಗುತ್ತದೆ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಹಡಗುಗಳಿಗಾಗಿ ರೂಪಿಸಿದ ತತ್ವವಿದು. ಆದರೆ ಟರ್ಬೈನ್ ಸದಾ ಪಂಪಿಗಿಂತ ತುಸು ಹಿಂದುಳಿಯುತ್ತದೆ. ಈ ಜಾರಿಕೆಯಲ್ಲಿ ಕಳೆದ ಶಕ್ತಿ ಶಾಖವಾಗಿ ಎಣ್ಣೆಯನ್ನು ಕಾಯಿಸುತ್ತದೆ.

ಜಾರಿಕೆ ತಡೆಯಲೆಂದೇ ಲಾಕಪ್ ಕ್ಲಚ್ ಬಂದಿತು. ಸ್ಥಿರ ವೇಗದಲ್ಲಿ ಅದು ಪಂಪ್, ಟರ್ಬೈನ್‌ಗಳನ್ನು ಒಂದಾಗಿ ಬಂಧಿಸುತ್ತದೆ. ಅಮೆರಿಕದ ಪ್ಯಾಕರ್ಡ್ ಕಂಪನಿ 1949ರಲ್ಲೇ ಇದನ್ನು ಕಾರಿಗೆ ಅಳವಡಿಸಿತ್ತು. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಬಳಕೆ ವ್ಯಾಪಕವಾಯಿತು.

402 ಮೀಟರ್ ನೇರ ಪಥದ ಡ್ರ್ಯಾಗ್ ರೇಸ್‌ನಲ್ಲಿ ಇದೇ ಸೂತ್ರ ಗೆಲುವನ್ನು ನಿರ್ಧರಿಸಬಲ್ಲದು. ಹೊರಡುವಾಗ ಜಾರಿಕೆ ಬೇಕು. ಅದರಿಂದಲೇ ಎಂಜಿನ್ ಗರಿಷ್ಠ ಬಲದ ವೇಗ ಮುಟ್ಟುತ್ತದೆ. ಕೊನೆಯ ಭಾಗದಲ್ಲಿ ಅದೇ ಜಾರಿಕೆ ನಷ್ಟ. ಆಗ ಲಾಕಪ್ ಬೇಕು. ಬೇಗ ಬಂಧಿಸಿದರೆ ಎಂಜಿನ್ ಕುಸಿಯುತ್ತದೆ. ಸಾಮಾನ್ಯ ಕಾರಿನ ಒಂಟಿ ತಟ್ಟೆಯ ಕ್ಲಚ್ ಅಷ್ಟು ಬಲಕ್ಕೆ ಜಾರಿ ಸುಟ್ಟುಹೋಗುವುದರಿಂದ ಹಲವು ತಟ್ಟೆಗಳ ಕ್ಲಚ್ ಬಳಸುತ್ತಾರೆ.

ಘಟ್ಟದ ಏರಿನಲ್ಲಿ ಹೆಚ್ಚು ಬಲ ಬೇಕಾದಾಗ ಲಾಕಪ್ ತಾನಾಗಿ ಬಿಡುತ್ತದೆ. ಎಣ್ಣೆ ಕಾಯುವುದು ಆಗಲೇ. ಕೆಳಗಿನ ಗೇರ್ ಆಯ್ದುಕೊಂಡು ಏರುವುದು, ಇಳಿಜಾರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ತಡೆಹಿಡಿಯದೆ ಬ್ರೇಕ್ ಬಳಸುವುದು, ಕಂಪನಿ ಸೂಚಿಸಿದ ಅವಧಿಗೆ ಎಣ್ಣೆ ಪರೀಕ್ಷಿಸುವುದು ಗೇರ್‌ಬಾಕ್ಸನ್ನು ಕಾಯುತ್ತವೆ. ಎಎಂಟಿ ಕಾರುಗಳಲ್ಲಿ ಟಾರ್ಕ್ ಕನ್ವರ್ಟರ್ ಇರುವುದಿಲ್ಲ. ಅಲ್ಲಿ ಕ್ಲಚ್ಚೇ ಸವೆಯುತ್ತದೆ.

ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತುಗಳನ್ನು ಕಂಡ ಜಿಲ್ಲೆ ಚಿಕ್ಕಮಗಳೂರು. ಅವು ನಡೆದದ್ದು ಸಂಚಾರ ನಿರ್ಬಂಧಿಸಿದ ಹಾದಿಗಳಲ್ಲಿ. ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವೇಗ ಪರೀಕ್ಷಿಸುವುದು 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. ಸುಟ್ಟ ಕ್ಲಚ್ ಬದಲಿಸಬಹುದು. ಹೆದ್ದಾರಿಯಲ್ಲಿ ಹೋದ ಜೀವವನ್ನಲ್ಲ.