ರಿಸೊಟ್ಟೊಗೆ ಯಾವ ಅಕ್ಕಿ?

ಇಟಲಿಯ ಅಕ್ಕಿಯ ಅಡುಗೆಯಾದ ರಿಸೊಟ್ಟೊ ಮಾಡಲು ಆರ್ಬೋರಿಯೊ ಇಲ್ಲವೇ ಕಾರ್ನರೋಲಿ ಅಕ್ಕಿಯೇ ಆಗಬೇಕು, ಬೇರೆ ಅಕ್ಕಿ ಹಾಕಿದರೆ ಅದು ರಿಸೊಟ್ಟೊ ಅಲ್ಲ ಎಂಬ ಮಾತನ್ನು ಅಡುಗೆ ಬಲ್ಲವರು ಬಹಳ ಖಚಿತವಾಗಿ ಹೇಳುತ್ತಾರೆ. ಇತಿಹಾಸ ಇದಕ್ಕೆ ಅಷ್ಟಾಗಿ ಒತ್ತಾಸೆ ಕೊಡುವುದಿಲ್ಲ. ಮಿಲಾನಿನ ಬಾಣಸಿಗ ಫೆಲಿಚೆ ಲುರಾಸ್ಕಿ ಕೇಸರಿ ಹಾಕಿದ ಹಳದಿ ರಿಸೊಟ್ಟೊ ಮಾಡುವ ಬಗೆಯನ್ನು ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದು 1829ರಲ್ಲಿ. ವಿಯಲೋನೆ ನಾನೊ ತಳಿ ಬಂದದ್ದು 1937ರಲ್ಲಿ, ಕಾರ್ನರೋಲಿ 1945ರಲ್ಲಿ, ಆರ್ಬೋರಿಯೊ 1946ರಲ್ಲಿ. ಎಂದರೆ, ಇದೇ ಬೇಕು ಎಂದು ಇಂದು ಪಟ್ಟು ಹಿಡಿಯುವ ಅಕ್ಕಿಗಳು ಹುಟ್ಟುವ ನೂರು ವರ್ಷ ಮೊದಲೇ ಪೋ ನದಿಯ ಬಯಲಿನ ಜನ ರಿಸೊಟ್ಟೊ ಉಣ್ಣುತ್ತಿದ್ದರು. ಈಗಲೂ ಕಾರ್ನಾಕ್‌ನಂಥ ಹತ್ತಿರದ ತಳಿಗಳನ್ನು ಕಾರ್ನರೋಲಿ ಎಂಬ ಹೆಸರಿನಲ್ಲೇ ಮಾರಲು ಇಟಲಿಯ ಕಾನೂನು ಒಪ್ಪುತ್ತದೆ. ಮೂಲ ತಳಿಯೇ ಬೇಕೆನ್ನುವವರಿಗಾಗಿ 2017ರಲ್ಲಿ ‘ಕ್ಲಾಸಿಕೊ’ ಎಂಬ ಬೇರೆ ಗುರುತು ಬಂತು. ಬದಲಿ ಅಕ್ಕಿ ಇಟಲಿಯ ಅಡುಗೆಮನೆಗಳಲ್ಲೇ ಬೇಯುತ್ತಿರುವಾಗ, ಪೊಟ್ಟಣದ ಮೇಲಿನ ಹೆಸರನ್ನು ಬದಿಗಿಟ್ಟು, ಈ ಅಡುಗೆಗೆ ಅಕ್ಕಿಯಿಂದ ಏನಾಗಬೇಕಿದೆ ಎಂದು ನೋಡುವುದೇ ಸರಿ.

ಆಗಬೇಕಾದದ್ದು ಎರಡು ಕೆಲಸ, ಮತ್ತು ಅವು ಒಂದನ್ನೊಂದು ಎಳೆದಾಡುತ್ತವೆ. ಕಾಳಿನ ಹೊರಮೈ ತನ್ನ ಪಿಷ್ಟವನ್ನು ಬಿಟ್ಟುಕೊಟ್ಟು ಸುತ್ತಲಿನ ರಸವನ್ನು ಕೆನೆಯಂತೆ ಮಂದ ಮಾಡಬೇಕು. ಅದೇ ಹೊತ್ತಿಗೆ ಒಳಗಿನ ತಿರುಳು ಹಲ್ಲಿಗೆ ಸಿಗುವಷ್ಟು ಗಟ್ಟಿ ಉಳಿಯಬೇಕು. ಪಿಷ್ಟದಲ್ಲಿ ಎರಡು ಬಗೆಯ ಅಣುಗಳಿವೆ. ಕವಲು ಕವಲಾಗಿ ಹರಡಿದ ಅಮೈಲೋಪೆಕ್ಟಿನ್ ಬಿಸಿನೀರಿನಲ್ಲಿ ಉಬ್ಬಿ ಅಂಟುತ್ತದೆ. ಹೆಚ್ಚುಕಡಿಮೆ ನೇರವಾದ ಎಳೆಯಂತಿರುವ ಅಮೈಲೋಸ್ ಕಾಳು ಬೇಗನೆ ಕದಡಿಹೋಗದಂತೆ ತಡೆಯುತ್ತದೆ. ಕೆನೆತನ ಬರುವುದು ಹೊರಮೈಯಿಂದಲೇ ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಅಕ್ಕಿಯನ್ನು ತಣ್ಣನೆಯ ತರಕಾರಿ ಸಾರಿನಲ್ಲಿ ಕೈಯಾಡಿಸಿ ತೊಳೆದು ಸೋಸಿದರೆ ಸಾರು ಹಾಲಿನಂತೆ ಬೆಳ್ಳಗಾಗುತ್ತದೆ. ತೊಳೆದ ಆ ಅಕ್ಕಿಯನ್ನು ತಿಳಿಸಾರಿನಲ್ಲಿ ಬೇಯಿಸಿದರೆ ರಿಸೊಟ್ಟೊ ಸಪ್ಪಗೆ, ನೀರುನೀರಾಗಿ ಉಳಿಯುತ್ತದೆ. ಬೆಳ್ಳಗಾದ ಸಾರನ್ನೇ ಮತ್ತೆ ಸುರಿದರೆ ಮಂದವಾಗುತ್ತದೆ. ಬೆಣ್ಣೆಯಲ್ಲಿ ಅಕ್ಕಿ ಹುರಿಯುವಾಗ ಕೆಂಪಗಾಗಲು ಬಿಡಬಾರದೆನ್ನುವುದಕ್ಕೂ ಇದೇ ಕಾರಣ: ಅತಿಯಾಗಿ ಹುರಿದ ಪಿಷ್ಟಕ್ಕೆ ಮಂದಗೊಳಿಸುವ ಶಕ್ತಿ ಕುಗ್ಗುತ್ತದೆ.

ಆರ್ಬೋರಿಯೊ ಕಾಳನ್ನು ಬೆಳಕಿಗೆ ಹಿಡಿದರೆ ಅಂಚು ಗಾಜಿನಂತೆ ಕಾಣುತ್ತದೆ, ನಡುವೆ ಸುಣ್ಣದಂಥ ಬಿಳಿ ಮಚ್ಚೆ. ಅಲ್ಲಿ ಪಿಷ್ಟದ ಕಣಗಳು ಸಡಿಲವಾಗಿ ಕೂತಿವೆ, ಸಂದುಗಳಲ್ಲಿನ ಗಾಳಿ ಬೆಳಕನ್ನು ಚದುರಿಸುತ್ತದೆ. ಈ ಮಚ್ಚೆಯೇ ರಿಸೊಟ್ಟೊ ಅಕ್ಕಿಯ ಲಕ್ಷಣ ಎಂದು ತಿಳಿದವರಿದ್ದಾರೆ. ಆದರೆ ಬೇರೆ ಎಷ್ಟೋ ಅಕ್ಕಿಗಳಲ್ಲೂ ಅದು ಇರುತ್ತದೆ. ನಮ್ಮ ಅಕ್ಕಿ ವ್ಯಾಪಾರದಲ್ಲಿ ಅದನ್ನು ದೋಷವೆಂದೇ ಎಣಿಸುತ್ತಾರೆ. ಕಾಳು ದಪ್ಪಗಿರಲೇಬೇಕೆಂಬ ವಾದವೂ ನಿಲ್ಲುವುದಿಲ್ಲ. ವೆರೋನಾ ಸೀಮೆಯವರು ಮೆಚ್ಚುವ ವಿಯಲೋನೆ ನಾನೊ ಪುಟ್ಟ, ಗುಂಡನೆಯ ಅಕ್ಕಿ.

ಹಾಗಾದರೆ ಅಮೈಲೋಸ್ ಪ್ರಮಾಣ ನೋಡಿ ಅಕ್ಕಿ ಆರಿಸಿದರೆ ಮುಗಿಯಿತಲ್ಲ ಎಂದು ಕೇಳಬಹುದು. ಅದೂ ಸಾಲದು. ಬಾಸ್ಮತಿಯಲ್ಲೂ ಕಾರ್ನರೋಲಿಯಲ್ಲೂ ಅಮೈಲೋಸ್ ಸುಮಾರಾಗಿ ಶೇಕಡ 20ರಿಂದ 25ರ ಆಸುಪಾಸಿನಲ್ಲೇ ಇದೆ, ಆದರೂ ಬಾಸ್ಮತಿಯಿಂದ ಒಳ್ಳೆಯ ರಿಸೊಟ್ಟೊ ಆಗುವುದಿಲ್ಲ. ಅದರ ಪಿಷ್ಟ ಬೇಯಲು ಹೆಚ್ಚು ಕಾವು ಬೇಕು, ಕಾಳು ಉದ್ದಕ್ಕೆ ಹಿಗ್ಗುತ್ತದೆ, ಜೊತೆಗೆ ಅದನ್ನು ತಿಂಗಳುಗಟ್ಟಲೆ ಹಳತು ಮಾಡಿ ಮಾರುತ್ತಾರೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆ ಅಕ್ಕಿಯದು ಉದುರುದುರಾಗುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅಕ್ಕಿ ಹಳತಾದಷ್ಟೂ ಹೊರಮೈ ಬಿಗಿದುಕೊಂಡು ಪಿಷ್ಟ ಬಿಡುವುದು ಕಡಿಮೆಯಾಗುತ್ತದೆ. ಕರಾವಳಿಯ ಕುಚ್ಚಲಕ್ಕಿ ಇನ್ನೂ ದೂರ. ಭತ್ತವಾಗಿದ್ದಾಗಲೇ ಒಮ್ಮೆ ಬೆಂದು ಆರಿದ ಪಿಷ್ಟ ಅದರಲ್ಲಿ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ. ಎಷ್ಟು ತಿರುವಿದರೂ ಅದು ರಸಕ್ಕೆ ಇಳಿಯುವುದಿಲ್ಲ. ಇನ್ನೊಂದು ತುದಿಯಲ್ಲಿ ಜಪಾನಿನ ಸುಶಿ ಅಕ್ಕಿ: ಅಮೈಲೋಸ್ ಕಡಿಮೆ, ಕೆನೆ ಧಾರಾಳ, ಎರಡನೆಯ ಕೆಲಸದಲ್ಲಿ ತುಸು ಮೆದು. ಆರ್ಬೋರಿಯೊ ಕೂಡ ಕಾರ್ನರೋಲಿಗಿಂತ ಬೇಗ ಮೆತ್ತಗಾಗುವ ಅಕ್ಕಿಯೇ. ಆದ್ದರಿಂದ ಅದರ ಜಾಗದಲ್ಲಿ ಸುಶಿ ಅಕ್ಕಿ ಹಾಕುವುದನ್ನು ನಾನು ಧೈರ್ಯವಾಗಿ ಸಮರ್ಥಿಸುತ್ತೇನೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಬೇಕಾದ್ದು ಮಂದವಾದ ರಸ ತಾನೆ, ಯಾವುದೋ ಅಕ್ಕಿ ಬೇಯಿಸಿ ಕ್ರೀಮನ್ನೋ ಕಾರ್ನ್‌ಫ್ಲೋರನ್ನೋ ಸೇರಿಸಿದರೆ ಆಗದೇ? ರಸ ಮಂದವೇನೋ ಆಗುತ್ತದೆ. ಆದರೆ ಕಾರ್ನ್‌ಫ್ಲೋರ್ ತಟ್ಟೆಯಲ್ಲಿ ಆರುತ್ತಿದ್ದಂತೆ ಸರಿಯಂತೆ ಹೆಪ್ಪುಗಟ್ಟುತ್ತದೆ, ಕ್ರೀಮ್ ಸಾರಿನ ರುಚಿಯನ್ನೇ ಮುಚ್ಚಿಬಿಡುತ್ತದೆ. ರಿಸೊಟ್ಟೊದ ಕೊನೆಯ ಹಂತದಲ್ಲಿ ಪಾತ್ರೆಯನ್ನು ಒಲೆಯಿಂದ ಇಳಿಸಿ, ತಣ್ಣನೆಯ ಬೆಣ್ಣೆ, ತುರಿದ ಪಾರ್ಮೆಸನ್ ಚೀಸ್ ಹಾಕಿ ಜೋರಾಗಿ ಕಲಕುತ್ತಾರೆ. ಆಗ ಜಿಡ್ಡು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ರಸದಲ್ಲಿ ಅಕ್ಕಿಯ ಪಿಷ್ಟ ಸಾಕಷ್ಟಿದ್ದರೆ ಆ ಹನಿಗಳು ಮತ್ತೆ ಕೂಡಿ ಎಣ್ಣೆಯಾಗಿ ಮೇಲೆ ತೇಲದಂತೆ ಅದು ತಡೆಯುತ್ತದೆ. ಕಾಳಿಗೂ ರಸಕ್ಕೂ ಒಂದೇ ರುಚಿ ಬರುವುದು ಈ ಹದದಲ್ಲಿ.

ನಮ್ಮಲ್ಲಿ ಸುಲಭವಾಗಿ ಸಿಗುವ ಸೋನಾ ಮಸೂರಿಯನ್ನೂ ಇದೇ ಅಳತೆಗೋಲಿನಿಂದ ನೋಡಬೇಕು. ಹಳೆಯ ಸೋನಾ ಮಸೂರಿಗಿಂತ ಹೊಸತು ಮೇಲು. ಅದನ್ನು ತೊಳೆಯದೆ, ಕಲ್ಲು ಕಸ ಮಾತ್ರ ಆರಿಸಿ ಹಾಕಬೇಕು. ಅದರ ಕಾಳು ಸಣ್ಣ. ಆರ್ಬೋರಿಯೊಗೆ ಹೇಳಿದ 16–18 ನಿಮಿಷ ಬೇಯಿಸಿದರೆ ತಿರುಳು ಉಳಿಯುವುದಿಲ್ಲ, ಸಾಕಷ್ಟು ಮೊದಲೇ ಕಾಳನ್ನು ಕಚ್ಚಿ ನೋಡತೊಡಗಬೇಕು. ಕೆನೆ ಸಾಲದೆನಿಸಿದರೆ ಒಂದು ಹಿಡಿ ಸುಶಿ ಅಕ್ಕಿ ಬೆರೆಸಬಹುದು: ರಸವನ್ನು ಮಂದ ಮಾಡುವ ಕೆಲಸ ಒಂದರದ್ದು, ಹಲ್ಲಿಗೆ ಸಿಗುವ ಕೆಲಸ ಇನ್ನೊಂದರದ್ದು.