ಇಂಗ್ಲಿಷಿಗಾಗಿ ಪರದೇಶದ ಭಾಷಾಶಾಲೆ

ಇಂಗ್ಲಿಷು ಉತ್ತಮಪಡಲೆಂದು ಮಗಳನ್ನು ಇಂಗ್ಲೆಂಡಿನ ಭಾಷಾಶಾಲೆಗೆ ಕಳುಹಿಸಬಹುದೇ ಎಂದು ಪಾಲಕರು ಈಚೆಗೆ ನನ್ನನ್ನು ಆಗಾಗ ಕೇಳುತ್ತಿರುವರು. ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಕೆಲವರು ಇದೇ ವಿಚಾರವಾಗಿ ಕಾಗದ ಬರೆದಿರುವರು. ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಹೇಳಿದ್ದನ್ನು ಇಲ್ಲಿ ಕೂಡಿಸಿ ಬರೆಯುತ್ತೇನೆ.

ಭಾಷಾಶಾಲೆ ಎಂದರೇನೆಂಬದನ್ನು ಮೊದಲು ತಿಳಿಯತಕ್ಕದ್ದು. ಅದು ಕಾಲೇಜಲ್ಲ. ಅಲ್ಲಿ ಕೊಡುವ ಪ್ರಮಾಣಪತ್ರವು ಪದವಿಯೂ ಅಲ್ಲ. ಕೇಂಬ್ರಿಜ್, ಆಕ್ಸ್‌ಫರ್ಡ್, ಬ್ರೈಟನ್, ಬೋರ್ನ್‌ಮತ್ ಮುಂತಾದ ಪಟ್ಟಣಗಳಲ್ಲಿ ಇಂಥ ಶಾಲೆಗಳು ಅನೇಕವಿರುವವು. ಆದರೆ ಕೇಂಬ್ರಿಜ್ ಪಟ್ಟಣದ ಶಾಲೆಯಲ್ಲಿ ಕಲಿತ ಮಾತ್ರಕ್ಕೆ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಕಲಿತಂತಾಗುವದಿಲ್ಲ. ಹೆಸರಿನ ಹೊಳಪಿಗೆ ಹಣ ಕೊಟ್ಟವರನ್ನು ನಾನು ಬಲ್ಲೆನಾದಕಾರಣ ಇದನ್ನು ಒತ್ತಿ ಹೇಳುತ್ತೇನೆ. ವಿಶ್ವವಿದ್ಯಾನಿಲಯವನ್ನು ಸೇರಬೇಕೆನ್ನುವವಳು ಐಇಎಲ್‌ಟಿಎಸ್ ಮೊದಲಾದ ಪರೀಕ್ಷೆಗೆ ಬೇರೆಯಾಗಿಯೇ ಕುಳಿತುಕೊಳ್ಳಬೇಕು. ಅದನ್ನು ಬೆಂಗಳೂರಿನಲ್ಲಿಯೂ ಬರೆಯಬಹುದು.

ಶಾಲೆಯನ್ನು ಸೇರಿದೊಡನೆ ಒಂದು ಪರೀಕ್ಷೆ ಮಾಡಿ ವಿದ್ಯಾರ್ಥಿನಿಯನ್ನು ತಕ್ಕ ತರಗತಿಯಲ್ಲಿ ಕೂಡಿಸುವರು. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಕ್ರಮದಂತೆ ಭಾಷಾಜ್ಞಾನಕ್ಕೆ ಎ1ರಿಂದ ಸಿ2ರ ವರೆಗೆ 6 ಮೆಟ್ಟಲುಗಳಿರುವವು. ನಡುವಿನ ಒಂದು ಮೆಟ್ಟಲನ್ನು ಏರುವದಕ್ಕೆ ಸುಮಾರು 200 ತಾಸುಗಳ ಪಾಠ ಬೇಕೆಂದು ಬಲ್ಲವರ ಅಂದಾಜು. ವಾರಕ್ಕೆ 45 ನಿಮಿಷಗಳ 20 ಪಾಠಗಳೆಂಬದು ಈ ಶಾಲೆಗಳಲ್ಲಿ ಸಾಮಾನ್ಯವಾದ ಏರ್ಪಾಡು. ಎಂದರೆ 15 ತಾಸು. ಪಾಲಕರು ತಾವೇ ಲೆಕ್ಕಹಾಕಲಿ: 4 ವಾರಗಳಲ್ಲಿ 60 ತಾಸು, ಒಂದು ಮೆಟ್ಟಲಿನ ಮೂರರಲ್ಲೊಂದು ಪಾಲೂ ಆಗಲಿಲ್ಲ. ಪೂರಾ ಮೆಟ್ಟಲಿಗೆ 13-14 ವಾರಗಳಾದರೂ ಬೇಕು.

ಹಾಗಾದರೆ ಅಷ್ಟು ದೂರ ಹೋಗುವದರಿಂದ ಬರುವ ಲಾಭವೇನು? ಪಾಠದ 15 ತಾಸುಗಳಿಗಿಂತ ಅವುಗಳ ಹೊರಗಿನ ಕಾಲದಲ್ಲಿಯೇ ಲಾಭವಿರುವದು. ವ್ಯಾಕರಣವನ್ನು ಇಲ್ಲಿಯೂ ಕಲಿಸುತ್ತೇವೆ, ಒಮ್ಮೊಮ್ಮೆ ಅಲ್ಲಿಯವರಿಗಿಂತ ಬಿಗಿಯಾಗಿಯೇ ಕಲಿಸುತ್ತೇವೆ. ನಮ್ಮ ಹುಡುಗಿಯರು ಓದುವದರಲ್ಲಿಯೂ ಬರೆಯುವದರಲ್ಲಿಯೂ ಹಿಂದೆ ಬಿದ್ದವರಲ್ಲ. ಬಾಯಿ ತೆರೆಯಲು ಮಾತ್ರ ನಾಚುವರು. ತಪ್ಪಾದೀತೆಂದು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುವಷ್ಟರಲ್ಲಿ ಮಾತು ಮುಂದಕ್ಕೆ ಸಾಗಿಹೋಗಿರುವದು. ಈ ನಾಚಿಕೆಯನ್ನು ಕಳೆಯುವದು ನಿರ್ವಾಹವಿಲ್ಲದ ಸ್ಥಿತಿಯೇ. ಬಸ್ಸು ತಪ್ಪಿದಾಗ, ಔಷಧ ಕೊಳ್ಳುವಾಗ, ಇಳಿದುಕೊಂಡ ಮನೆಯ ಯಜಮಾನಿಯು ರಾತ್ರಿಯ ಊಟಕ್ಕೆ ಎಷ್ಟು ಗಂಟೆಗೆ ಬರುವಿರೆಂದು ಕೇಳಿದಾಗ, ವ್ಯಾಕರಣಕ್ಕಾಗಿ ಕಾದಿರಲು ವೇಳೆಯಿರುವದಿಲ್ಲ. ತರಗತಿಯಲ್ಲಿ ಪಕ್ಕದವಳು ತುರ್ಕಿಯವಳೋ ಜಪಾನಿನವಳೋ ಆಗಿದ್ದರೆ ಇಬ್ಬರಿಗೂ ಕೂಡುಭಾಷೆಯಾಗಿರುವದು ಇಂಗ್ಲಿಷೊಂದೇ. ಅವಳೂ ತಪ್ಪು ಮಾತಾಡುವಳಾದ್ದರಿಂದ ಇವಳಿಗೆ ಅಂಜಿಕೆಯಿಲ್ಲ.

ಭಾಷೆಯನ್ನು ಆಡುವವರ ನಡುವೆ ಇದ್ದು ಕಲಿಯುವ ಈ ಕ್ರಮವು ನಮ್ಮ ನಾಡಿಗೆ ಹೊಸದಲ್ಲ. 1853ರಲ್ಲಿ ಇಲ್ಲಿಗೆ ಬಂದ ಕಿಟ್ಟೆಲ್ ಪಂಡಿತರಿಗೆ ಕನ್ನಡವು ಪರಭಾಷೆಯಾಗಿತ್ತು. ಕನ್ನಡಿಗರ ನಡುವೆ ಬಹುಕಾಲ ಬಾಳಿದ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು.

ಆದರೆ ಅಷ್ಟು ದೂರ ಹೋಗಿ ಹಿಂದಿ ಬಲ್ಲ ಗೆಳತಿಯರೊಡನೆ ಒಂದೇ ಕೋಣೆಯಲ್ಲಿದ್ದು, ಸಂಜೆಯಾದೊಡನೆ ಫೋನಿನಲ್ಲಿ ಮನೆಯವರ ಸಂಗಡ ಕನ್ನಡದಲ್ಲಿ ಹರಟುತ್ತಿದ್ದರೆ ಹಣವು ನೀರಿಗೆ ಹಾಕಿದಂತೆಯೇ. ತಾಯಂದಿರು ಈ ಮಾತಿಗೆ ಬೇಸರಪಡಬಾರದು. ದಿನಕ್ಕೊಂದು ಸಾರಿ ಕ್ಷೇಮಸಮಾಚಾರ ಕೇಳಿದರೆ ಸಾಕು.

ಒಬ್ಬ ತಂದೆಯವರು 4 ವಾರಗಳ ಪಾಠಕ್ಕಾಗಿ ಮನೆಯ ಒಡವೆಗಳನ್ನು ಒತ್ತೆಯಿಡಲು ಸಿದ್ಧರಾಗಿ ನನ್ನಲ್ಲಿಗೆ ಬಂದಿದ್ದರು. ಬೇಡವೆಂದೆನು. ಅವರಿಗೆ ನನ್ನ ಮಾತು ಆಗ ರುಚಿಸಲಿಲ್ಲ. ಆ ಹುಡುಗಿಯು ಬೆಂಗಳೂರಿನ ಹಾಸ್ಟೆಲೊಂದರಲ್ಲಿ ಮಿಜೋರಾಮಿನ ಇಬ್ಬರು ವಿದ್ಯಾರ್ಥಿನಿಯರ ಜೊತೆಗೆ ಇದ್ದಳು. ಅವರಿಗೆ ಕನ್ನಡ ಬಾರದು, ಇವಳಿಗೆ ಮಿಜೋ ಬಾರದು. ವರುಷವೊಂದು ಕಳೆಯುವಷ್ಟರಲ್ಲಿ ಅವಳು ತಡೆಯಿಲ್ಲದೆ ಇಂಗ್ಲಿಷು ಮಾತಾಡುತ್ತಿದ್ದಳು. ಸಾಲ ಮಾಡಿ ಕೆಲವೇ ವಾರಗಳಿಗೆ ಕಳುಹಿಸುವದಕ್ಕಿಂತ ಇಂಥ ಸಹವಾಸವನ್ನು ಹುಡುಕುವದು ಮೇಲೆಂದು ನನ್ನ ಅಭಿಪ್ರಾಯ. ಅನುಕೂಲವಂತರು 3 ತಿಂಗಳಿಗೆ ಕಡಿಮೆಯಿಲ್ಲದಂತೆ ಕಳುಹಿಸಲಿ. ನರ್ಸು, ಉಪಾಧ್ಯಾಯಿನಿ ಮೊದಲಾದ ಉದ್ಯೋಗದಲ್ಲಿದ್ದು ಪರದೇಶದಲ್ಲಿ ಕೆಲಸ ಮಾಡಬೇಕೆಂದಿರುವ ಹಳೆಯ ವಿದ್ಯಾರ್ಥಿನಿಯರಿಗಂತೂ ಇದು ನಿಜವಾಗಿ ಉಪಯುಕ್ತವು.

ಬ್ರಿಟನ್ನಿನ ಕಾನೂನಿನಂತೆ 6 ತಿಂಗಳೊಳಗಿನ ವ್ಯಾಸಂಗಕ್ಕೆ ಸಂದರ್ಶಕರ ವೀಸಾ ಸಾಕಾಗುವದು. ಅದಕ್ಕೆ ಮೀರಿ 11 ತಿಂಗಳ ವರೆಗಿನ ಇಂಗ್ಲಿಷು ವ್ಯಾಸಂಗಕ್ಕೆ ಬೇರೊಂದು ವೀಸಾ ಉಂಟು. 16 ವರುಷ ತುಂಬದವರಿಗೆ ಅದು ದೊರೆಯದು. ಎರಡರಲ್ಲಿಯೂ ಸಂಬಳದ ಕೆಲಸಕ್ಕೆ ಅಪ್ಪಣೆಯಿಲ್ಲ. “ಅಲ್ಲಿಯೇ ದುಡಿದು ಖರ್ಚು ತೆಗೆಯಬಹುದು” ಎನ್ನುವ ಏಜೆಂಟನ ಮಾತನ್ನು ನಂಬಬೇಡಿರಿ. ಶಾಲೆಯು ಬ್ರಿಟಿಷ್ ಕೌನ್ಸಿಲಿನ ಮನ್ನಣೆ ಪಡೆದದ್ದೋ ಎಂಬದನ್ನು ಆ ಸಂಸ್ಥೆಯ ಪಟ್ಟಿಯಲ್ಲಿ ನೀವೇ ನೋಡಿಕೊಳ್ಳಿರಿ. ಬಳಿಕ ಶಾಲೆಯವರಿಗೆ ನೇರವಾಗಿ ಬರೆದು ಕೇಳಿರಿ: ತರಗತಿಯಲ್ಲಿ ಹೆಚ್ಚೆಂದರೆ ಎಷ್ಟು ಮಂದಿ, ಅವರು ಯಾವ ಯಾವ ದೇಶದವರು, ಇಳಿದುಕೊಳ್ಳುವ ಮನೆಯು ಶಾಲೆಗೆ ಎಷ್ಟು ದೂರ, ಆ ಮನೆಯವರು ರಾತ್ರಿಯ ಊಟಕ್ಕೆ ಹುಡುಗಿಯ ಸಂಗಡ ಮೇಜಿಗೆ ಕೂತುಕೊಳ್ಳುವರೋ, ಅಥವಾ ತಟ್ಟೆಯನ್ನು ಅವಳ ಕೋಣೆಗೇ ಕಳುಹಿಸಿಬಿಡುವರೋ.