ಹಸುವಿಗೆ ಎರಡು ಬೆಲೆ

ಆನೇಕಲ್ ಸೀಮೆಯಲ್ಲಿ ಜಿಗಣಿ, ಬೊಮ್ಮಸಂದ್ರಗಳ ಕಾರ್ಖಾನೆಗಳು ರಾಗಿಯ ಹೊಲಗಳನ್ನು ಆಕ್ರಮಿಸಿದ ಮೇಲೆಯೂ ಹಾಲಿನ ಕಾಸಿನಿಂದಲೇ ಒಲೆ ಹೊತ್ತಿಸುವ ಮನೆಗಳು ಅನೇಕವಿರುವುದನ್ನು ವಾಚಕರು ಬಲ್ಲರು. ಅಂತಹ ಮನೆಯ ಕರೆಯುವ ಹಸು ಪ್ರವಾಹಕ್ಕೆ ಸಿಕ್ಕಿ ಸತ್ತರೆ ವಿಪತ್ತು ಪರಿಹಾರ ನಿಧಿಯಿಂದ 37,500 ರೂಪಾಯಿ, ಉಳುವ ಎತ್ತಿಗೆ 32,000 ರೂಪಾಯಿ ಕೊಡತಕ್ಕದ್ದೆಂದು ಕೇಂದ್ರ ಸರ್ಕಾರದವರು 2022-26ರ ಅವಧಿಗೆ ಗೊತ್ತುಮಾಡಿದರು. ಅದೇ 2022ರಲ್ಲಿ ಚರ್ಮಗಂಟು ರೋಗವು ಹಬ್ಬಿದಾಗ ರಾಜ್ಯ ಸರ್ಕಾರದವರು ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿಗಳ ಪರಿಹಾರವನ್ನು ಸಾರಿದರು.

ಒಂದು ಲೆಕ್ಕದಲ್ಲಿ ಹಸು ಮೇಲು, ಇನ್ನೊಂದರಲ್ಲಿ ಎತ್ತು ಮೇಲು! ನೀರಿನಿಂದ ಸತ್ತರೇನು, ರೋಗದಿಂದ ಸತ್ತರೇನು, ಬರಿದಾಗುವ ಕೊಟ್ಟಿಗೆ ಒಂದೇ ಅಲ್ಲವೆ? 20,000 ರೂಪಾಯಿಗೆ ಒಳ್ಳೆಯ ಮಿಶ್ರತಳಿ ಹಸುವು ಯಾವ ಸಂತೆಯಲ್ಲಿಯೂ ದೊರೆಯದು. ಉಳುಮೆಗಿಂತ ಹಾಲನ್ನೇ ನೆಚ್ಚಿದ ಈ ಸೀಮೆಗೆ ಅಂತಹ ಲೆಕ್ಕವು ಅನ್ಯಾಯವೇ ಸರಿ.

ಸಹಾಯವು ಭಿಕ್ಷೆಯಲ್ಲ, ಕಸಬನ್ನು ಉಳಿಸುವ ಬಂಡವಾಳ. ಆದುದರಿಂದ ಮರಣದ ಕಾರಣವನ್ನಲ್ಲ, ರೈತನ ನಷ್ಟವನ್ನೇ ಅಳತೆಗೋಲಾಗಿಟ್ಟುಕೊಂಡು ಏಕರೀತಿಯ ದರವನ್ನು ವಿಧಿಸಬೇಕೆಂದೂ, ಹಣವು ಸಾಲಗಾರನ ಬಡ್ಡಿ ಬೆಳೆಯುವ ಮುನ್ನವೇ ರೈತನ ಕೈಸೇರಬೇಕೆಂದೂ ಅಧಿಕಾರಿವರ್ಗದವರಲ್ಲಿ ವಿಜ್ಞಾಪಿಸುತ್ತೇವೆ.